ಕತ್ತರಿಸಿದ ಇಪ್ಪತ್ತಾರು ನಿಮಿಷ

ಈ ಸದ್ದು ಹೊರಗಿನದೋ ಒಳಗಿನದೋ? ಹೆಡ್‌ಫೋನ್ ಹಾಕಿದರೂ ಇದೆ, ತೆಗೆದರೂ ಇದೆ. ಕಂಪ್ಯೂಟರ್ ಆರಿಸಿದರೂ ಇದೆ. ಹಾಗಾದರೆ ಒಳಗಿನದೇ. ಆದರೆ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಇರಲಿಲ್ಲವಲ್ಲ. ಇರಲಿಲ್ಲವೋ, ತಾನು ಗಮನಿಸಲಿಲ್ಲವೋ? ಗಮನ ಕೊಟ್ಟಾಗ ಮಾತ್ರ ಇರುವಂಥದ್ದನ್ನು ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ?

ಎಡಗಿವಿಯನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ಹೀಗೆ ತನ್ನೊಳಗೇ ವಾದ ಹೂಡಿದ್ದವನಿಗೆ ಸ್ಟುಡಿಯೋದಲ್ಲಿ ಕತ್ತರಿ ಎಂದು ಹೆಸರು. ಅವನ ಅಕ್ಕನ ಗಂಡ ನಡೆಸುವ ಸ್ಟುಡಿಯೋ ಅದು. ಟೈರ್ ಅಂಗಡಿಯ ಮೇಲೆ ಮೂರು ಕೋಣೆ. ಮುಂದಿನದರಲ್ಲಿ ಅಕ್ಕ ಫೋನು, ಕಾಗದಪತ್ರ ನೋಡಿಕೊಳ್ಳುತ್ತಾಳೆ. ನಡುವಿನದು ಕತ್ತರಿಯದು. ಹಿಂದಿನದು ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು, ಒಂದರ ಹಿಂದೊಂದು ಎರಡು ಬಾಗಿಲು, ನಡುವಿನ ಕೋಣೆಗೆ ಕಾಣುವ ಹಾಗೆ ಗಾಜಿನ ಕಿಟಕಿ. ಯಾರೋ ಓದಿದ ಪುಸ್ತಕ, ಯಾರೋ ಹೇಳಿದ ಪಾಠ ಅಲ್ಲಿ ರೆಕಾರ್ಡ್ ಆಗಿ ಕತ್ತರಿಯ ಮೇಜಿಗೆ ಬರುತ್ತದೆ. ಅವನು ಕೆಮ್ಮು ತೆಗೆಯುತ್ತಾನೆ, ತೊದಲು ತೆಗೆಯುತ್ತಾನೆ, ಉಗುಳು ನುಂಗಿದ ಸದ್ದು ತೆಗೆಯುತ್ತಾನೆ, ಒಂದು ಸೆಕೆಂಡಿಗಿಂತ ಉದ್ದವಾದ ಮೌನವನ್ನೂ ತೆಗೆಯುತ್ತಾನೆ. ಹದಿನಾಲ್ಕು ವರ್ಷದಲ್ಲಿ ಇವನ ಕಿವಿಯಿಂದ ತಪ್ಪಿಸಿಕೊಂಡ ಕೆಮ್ಮು ಒಂದಿಲ್ಲ ಎಂದು ಭಾವ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆ ಕಿವಿಯಲ್ಲಿ ಈಗ ಮೂರು ತಿಂಗಳಿಂದ ಒಂದು ಸದ್ದು ಬಿಡಾರ ಹೂಡಿತ್ತು. ಸಣ್ಣಗೆ, ಜುಂಯ್ ಎಂದು, ಹಳೆಯ ಟಿವಿ ಹಚ್ಚಿದಾಗ ಬರುತ್ತಿದ್ದಂಥದು. ಕಿವಿಯ ಡಾಕ್ಟರು ದೀಪ ಬಿಟ್ಟು ನೋಡಿ, ಯಂತ್ರದ ಮುಂದೆ ಕೂರಿಸಿ, "ಕೇಳಿಸೋದ್ರಲ್ಲಿ ಏನೂ ಕಮ್ಮಿ ಆಗಿಲ್ಲ. ಇದು ಹೋಗ್ಬಹುದು, ಹೋಗ್ದೇನೂ ಇರ್ಬಹುದು. ಅಭ್ಯಾಸ ಆಗುತ್ತೆ ಬಿಡಿ" ಎಂದು ಕಳಿಸಿದ್ದರು. ಅಭ್ಯಾಸ ಆಗಿರಲಿಲ್ಲ. ರೆಕಾರ್ಡಿನಲ್ಲಿರುವ ಸದ್ದು ಯಾವುದು, ತನ್ನದು ಯಾವುದು ಎಂದು ತಿಳಿಯದೆ ಒಂದೊಂದು ಸಾಲನ್ನು ನಾಲ್ಕು ಸಲ ಕೇಳುತ್ತಿದ್ದ. ರೆಕಾರ್ಡಿಂಗ್ ಕೋಣೆಯೊಳಗೆ ಕಾಲಿಡುವುದನ್ನೇ ಬಿಟ್ಟಿದ್ದ. ಹೊರಗಿನ ಸದ್ದೆಲ್ಲ ಸತ್ತ ಆ ಜಾಗದಲ್ಲಿ ಇದೊಂದೇ ರಾಜನ ಹಾಗೆ ಮೆರೆಯುತ್ತಿತ್ತು.

ಭಾವನಿಗೆ ಹೇಳುವ ಹಾಗಿರಲಿಲ್ಲ. ಹೇಳದೆ ಇರುವ ಹಾಗೂ ಇರಲಿಲ್ಲ. ಯಾಕೆಂದರೆ ಆ ಸೋಮವಾರ ಭಾವ ಬಾಗಿಲಿಗೆ ಒರಗಿ ನಿಂತು ಬಾಂಬು ಹಾಕಿದ್ದ.

"ಶನಿವಾರ ಬೋರ್ಡ್ ಬರೆಯೋನು ಬರ್ತಾನೆ ಕಣೋ. ಇನ್ಮೇಲೆ ಸ್ಟುಡಿಯೋ ನಿಂದು. ನಾನು ಬಂದು ಪೇಪರ್ ಓದ್ಕೊಂಡು ಕೂರ್ತೀನಿ, ಅಷ್ಟೆ. ಹೂಂ ಅಂತೀಯೋ, ಊಹೂಂ ಅಂತೀಯೋ?"

"ಇಷ್ಟು ಬೇಗ ಯಾಕೆ ಭಾವ?"

"ಬೇಗ ಏನು ಬಂತು! ನನ್ನ ಕಿವಿ ಕತೆ ಗೊತ್ತಲ್ಲ. ಸೊಳ್ಳೆ ಕಚ್ಚಿದ ಮೇಲೇ ಸೊಳ್ಳೆ ಇತ್ತು ಅಂತ ತಿಳಿಯೋದು. ಇದು ನಡೀತಿರೋದೇ ನಿನ್ನ ಎರಡು ಕಿವಿ ಮೇಲೆ."

ಎರಡಲ್ಲ ಭಾವ, ಒಂದೂವರೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. "ಶನಿವಾರ ಹೇಳ್ತೀನಿ" ಎಂದ.

"ಕಾಯ್ರಿ ಕಾಯ್ರಿ" ಎಂದಳು ಅಕ್ಕ ಮುಂದಿನ ಕೋಣೆಯಿಂದ. "ಅವನು ಹುಟ್ಟೋವಾಗ್ಲೇ ಹತ್ತು ದಿನ ಯೋಚನೆ ಮಾಡಿ ಹುಟ್ಟಿದವನು."

ಆ ವಾರದ ಕೆಲಸ ಎರಡು. ಆರೋಗ್ಯದ ಪಾಠಗಳನ್ನು ಕೇಳಿಸುವ ಕಂಪನಿಯೊಂದು ಎರಡು ರೆಕಾರ್ಡ್ ಬೇಕೆಂದಿತ್ತು. ಒಂದು ಸಮ್ಮೋಹನದ್ದು, ಇನ್ನೊಂದು ಧ್ಯಾನದ್ದು. ಸಮ್ಮೋಹನದ್ದನ್ನು ಹೇಳಿದವರು ಮನಸ್ಸಿನ ಕಾಯಿಲೆಗಳ ಡಾಕ್ಟರಮ್ಮ. ಧ್ಯಾನದ್ದನ್ನು ಹೇಳಿದವರು ನಿವೃತ್ತ ಈಜು ಮೇಷ್ಟ್ರು. ನಲವತ್ತು ವರ್ಷ ಮಕ್ಕಳನ್ನು ನೀರಿಗೆ ತಳ್ಳಿ, ಈಗ ದೊಡ್ಡವರನ್ನು ಸುಮ್ಮನೆ ಕೂರಿಸುತ್ತಿದ್ದರು. ಎರಡೂ ಫೈಲು ಕತ್ತರಿಯ ಮುಂದಿದ್ದವು. ಸಮ್ಮೋಹನವೆಂದರೆ ಅವನಿಗೆ ನೆನಪಿದ್ದದ್ದು ಶಾಲೆಯ ಸ್ಟೇಜಿನ ಮೇಲೆ ಕೋಟು ಹಾಕಿದವನೊಬ್ಬ ಡ್ರಿಲ್ ಮಾಸ್ತರರನ್ನು ಕೋಳಿಯ ಹಾಗೆ ಕೂಗಿಸಿದ್ದು. ಆ ನಗುವಿನಲ್ಲೇ ಡಾಕ್ಟರಮ್ಮನ ಫೈಲು ತೆರೆದ.

"ಮುಂದೆ ಹತ್ತು ಮೆಟ್ಟಿಲಿದೆ ಅಂದ್ಕೊಳ್ಳಿ" ಎಂದಿತು ದನಿ. "ಹತ್ತು. ಒಂದು ಕಾಲು ಕೆಳಗೆ. ಒಂಬತ್ತು. ಭುಜ ತಾನಾಗೇ ಇಳೀತಾ ಇದೆ. ಎಂಟು..."

ಐದರವರೆಗೆ ಅವನಿಗೆ ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಕೈ ಮೌಸಿನ ಮೇಲೆಯೇ ಇತ್ತು, ಟೀ ಮೇಲೆ ಕೆನೆ ಕಟ್ಟಿತ್ತು, ಫೈಲು ಮುಗಿದು ಪರದೆ ಕಪ್ಪಾಗಿತ್ತು. ಮತ್ತು ಕಿವಿಯಲ್ಲಿ ಏನೂ ಇರಲಿಲ್ಲ.

ಏನೂ ಇರಲಿಲ್ಲ! ಕೆಳಗಿನ ಟೈರ್ ಅಂಗಡಿಯವನು ಯಾರನ್ನೋ ಬಯ್ಯುತ್ತಿದ್ದ. ಆ ಬೈಗುಳ ತೊಳೆದಿಟ್ಟ ಹಾಗೆ ಒಂದೊಂದು ಅಕ್ಷರವೂ ಕೇಳಿಸಿತು. ಕತ್ತರಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಏನೋ ಅದು?" ಎಂದು ಅಕ್ಕ ಕೂಗಿದಳು.

"ಏನಿಲ್ಲ! ಏನೇನೂ ಇಲ್ಲ!" ಎಂದು ಅವನು ಕೂಗಿದ. ಅಷ್ಟು ಖುಷಿಯಿಂದ ಏನಿಲ್ಲ ಎಂದವರನ್ನು ಅಕ್ಕ ಅದುವರೆಗೆ ನೋಡಿರಲಿಲ್ಲ.

ನಾಲ್ಕೈದು ನಿಮಿಷದಲ್ಲಿ ಸದ್ದು ಮರಳಿ ಬಂತು. ಬರಲಿ, ಔಷಧಿ ಸಿಕ್ಕಿತಲ್ಲ! ಊಟದ ಹೊತ್ತಿಗೆ ಮತ್ತೆ ಹಾಕಿಕೊಂಡ, ಹೋಯಿತು. ಮೂರಕ್ಕೆ ಮತ್ತೆ, ಮತ್ತೆ ಹೋಯಿತು. ಸಂಜೆ ಎರಡೂ ಫೈಲನ್ನು ಕಳಿಸಬೇಕಿತ್ತು. ಈಜು ಮೇಷ್ಟ್ರದನ್ನು ಇನ್ನೂ ಮುಟ್ಟಿರಲಿಲ್ಲ. ಕಿವಿಗೆ ಡಾಕ್ಟರಮ್ಮನ ದನಿ ಹಚ್ಚಿಕೊಂಡೇ ಮೇಷ್ಟ್ರ ಫೈಲು ತೆರೆದು, ವರ್ಷಗಳ ಹಿಂದೆ ತಾನೇ ಹೊಂದಿಸಿಟ್ಟುಕೊಂಡಿದ್ದ ಒಂದು ಕೀಲಿ ಒತ್ತಿದ. ಉದ್ದದ ಮೌನವನ್ನೆಲ್ಲ ಅದು ಹುಡುಕಿ ಹುಡುಕಿ ಕತ್ತರಿಸುತ್ತದೆ. ಮೂಲವೇ ಉಳಿಯದ ಹಾಗೆ ಹಳೆಯದರ ಮೇಲೆಯೇ ಸೇವ್ ಮಾಡಿ, ಇಬ್ಬರಿಗೂ ಕಳಿಸಿ, ಸೀಟಿ ಹೊಡೆಯುತ್ತ ಮನೆಗೆ ಹೋದ.

ಮಂಗಳವಾರ ಬೆಳಿಗ್ಗೆ ಮೊದಲು ಬಂದದ್ದು ಡಾಕ್ಟರಮ್ಮ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತರು.

"ಅಲ್ರೀ, ಹನ್ನೊಂದನೇ ನಿಮಿಷದಲ್ಲಿ ನಾನು ಕೆಮ್ಮಿದ್ದು ಹಾಗೇ ಇದೆ. ಆಮೇಲೆ ಒಂದು ಸಲ 'ಅಯ್ಯೋ' ಅಂದಿದ್ದೀನಿ, ಅದೂ ಇದೆ. ಜನ ಮೆಟ್ಟಿಲು ಇಳೀತಿರೋವಾಗ ಡಾಕ್ಟರೇ ಅಯ್ಯೋ ಅಂದ್ರೆ ಅವರ ಗತಿ?"

ಭಾವ ಇನ್ನೂ ಬಂದಿರಲಿಲ್ಲ. ಅಕ್ಕ ಫೋನಿನಲ್ಲಿದ್ದಳು. ಕತ್ತರಿ ಬಾಗಿಲು ಮುಂದೆ ಮಾಡಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಸದ್ದು, ಮೂರು ತಿಂಗಳು, ಶನಿವಾರ, ಮೆಟ್ಟಿಲು, ಕೆನೆ ಕಟ್ಟಿದ ಟೀ.

"ಸದ್ದು ಎಲ್ಲಿಗೂ ಹೋಗಿರ್ಲಿಲ್ಲ" ಎಂದರು ಆಕೆ ನಗುತ್ತ. "ನೀವೇ ಬೇರೆ ಕಡೆ ಹೋಗಿದ್ರಿ. ಸಮ್ಮೋಹನ ಅಂದ್ರೆ ನಿದ್ದೆ ಅಲ್ಲ, ಮಾಟ ಅಲ್ಲ. ನಿಮ್ಮ ಗಮನವನ್ನ ಬೆರಳು ಹಿಡಿದು ಒಂದು ಕಡೆ ಕರ್ಕೊಂಡು ಹೋಗೋದು. ನೀವು ಬರ್ತೀನಿ ಅಂದ್ರೆ ಮಾತ್ರ. ನೋವಿಗೆ, ಭಯಕ್ಕೆ ತುಂಬ ಒಳ್ಳೇದು."

"ಹಾಗಾದ್ರೆ ದಿನಾ ಕೇಳ್ಬಹುದಾ? ಕೆಲಸ ಮಾಡ್ತಾ?"

"ಕೇಳ್ಬಹುದು. ಕೆಲಸ ಮಾಡ್ತಾ ಮಾತ್ರ ಬೇಡ. ನೋಡಿದ್ರಲ್ಲ, ಸದ್ದಿನ ಜೊತೆ ನನ್ನ ಕೆಮ್ಮೂ ಮಾಯ ಆಯ್ತು."

ಆ ಮಾತು ಅವನಿಗೆ ತಣ್ಣೀರು ಎರಚಿದ ಹಾಗಾಯಿತು. ಸದ್ದೂ ಹೋಯಿತು, ಕೆಲಸವೂ ಹೋಯಿತು. ಕೇಳಿಸದಿರುವ ಸುಖ ಬೇಕಾದವನ ಕಸುಬೇ ಕೇಳುವುದು!

ಆಕೆ ಮೆಟ್ಟಿಲು ಇಳಿಯುವಾಗ ಈಜು ಮೇಷ್ಟ್ರು ಹತ್ತುತ್ತಿದ್ದರು. ಹಿಂದೆಯೇ ಭಾವ, ಮುಖ ಹುಳ್ಳಗೆ ಮಾಡಿಕೊಂಡು.

"ಸ್ವಾಮೀ, ನಾನು ಮೂವತ್ತು ನಿಮಿಷ ಕೊಟ್ಟಿದ್ದೆ. ನಾಲ್ಕು ನಿಮಿಷ ವಾಪಸ್ ಬಂದಿದೆ" ಎಂದರು ಮೇಷ್ಟ್ರು. ಕೊಳದ ಆ ದಡದಿಂದ ಈ ದಡಕ್ಕೆ ಕೂಗಿ ಬೆಳೆದ ಗಂಟಲು. "ಮಿಕ್ಕಿದ್ದು ಎಲ್ಲಿ?"

ಕತ್ತರಿ ಫೈಲು ಹಾಕಿದ. "ಈಗ ಉಸಿರನ್ನು ಗಮನಿಸಿ. ಮನಸ್ಸು ಓಡಿಹೋಯಿತೇ? ವಾಪಸ್ ಬನ್ನಿ. ಮತ್ತೆ ಓಡಿತೇ? ಬೈಯಬೇಡಿ, ವಾಪಸ್ ಬನ್ನಿ. ಈಗ ಕಣ್ಣು ಬಿಡಿ" ಎಂದು ರೆಕಾರ್ಡಿನೊಳಗಿನ ಮೇಷ್ಟ್ರು ಹರಾಜು ಕೂಗುವವರ ಹಾಗೆ ಬಡಬಡಿಸಿ ಮುಗಿಸಿದರು. ಭಾವನಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿನಂತೆ ಮಾಡಿದ.

"ಖಾಲಿ ಜಾಗ ಅಂತ ತೆಗೆದೆ ಸಾರ್" ಎಂದ ಕತ್ತರಿ.

"ಅದೇ ಪಾಠ. ಮಾತು ಬರೀ ದಾರಿ ತೋರ್ಸೋ ಕೈಕಂಬ. ನೀನು ಊರನ್ನೇ ಕಿತ್ತು ಬಿಸಾಕಿ ಕೈಕಂಬ ಉಳಿಸಿದ್ದೀಯ."

"ಅದಕ್ಕೇನಂತೆ, ಕಂಪ್ಯೂಟರಲ್ಲೇ ಇಪ್ಪತ್ತಾರು ನಿಮಿಷದ ಮೌನ ಅಂಟಿಸಿದ್ರಾಯ್ತು" ಎಂದ ಭಾವ.

ಆಗುವುದಿಲ್ಲ ಎಂದು ಕತ್ತರಿಗೆ ಗೊತ್ತಿತ್ತು. ಯಂತ್ರದ ಮೌನ ಸತ್ತ ಮೌನ. ಕೇಳುವವನಿಗೆ ಫೋನು ಕೆಟ್ಟಿತೇ ಅನ್ನಿಸುತ್ತದೆ. ಕೋಣೆಯ ಮೌನವನ್ನು ಕೋಣೆಯಲ್ಲೇ ಹಿಡಿಯಬೇಕು. ಅದರಲ್ಲೂ ಬರಿದಾದ ಕೋಣೆಯ ಮೌನ ಬೇರೆ, ಮನುಷ್ಯ ಕೂತ ಕೋಣೆಯ ಮೌನ ಬೇರೆ. ಮೈಯೊಂದು ಒಳಗಿದ್ದರೆ ಗಾಳಿಯೇ ಬೇರೆ ಥರ ನಿಲ್ಲುತ್ತದೆ. ಹಾಗೆಂದು ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರ ಕಣ್ಣು ಮಿನುಗಿತು. "ಭೇಷ್! ಹಾಗಾದ್ರೆ ಒಬ್ಬರು ಇಪ್ಪತ್ತಾರು ನಿಮಿಷ ಅಲ್ಲಾಡದೆ ಒಳಗೆ ಕೂರ್ಬೇಕು. ಯಾರು? ತಿಂದವನೇ ಕಕ್ಕಲಿ."

ಹೀಗೆ, ಮೂರು ತಿಂಗಳು ದೂರವಿಟ್ಟಿದ್ದ ಕೋಣೆಯೊಳಗೆ ಕತ್ತರಿ ತಾನಾಗಿ ಹೋಗಿ ಕೂರಬೇಕಾಯಿತು. ಮೈಕಿನ ದೀಪ ಕೆಂಪಾಯಿತು. "ಟೇಕ್ ಒಂದು, ಮೌನ!" ಎಂದು ಭಾವ ಗಾಜಿನಾಚೆಯಿಂದ ಗಂಭೀರವಾಗಿ ಘೋಷಿಸಿದ. ಎರಡು ಬಾಗಿಲೂ ಮುಚ್ಚಿದವು. ತಕ್ಷಣ ಅದು ಎದ್ದಿತು. ಜುಂಯ್ ಎಂದು ತಲೆಯ ಒಂದು ಬದಿಯನ್ನೆಲ್ಲ ತುಂಬಿತು. ಅವನು ಹಲ್ಲು ಕಚ್ಚಿ ಅದನ್ನು ತಳ್ಳಿದ. ತಳ್ಳಿದಷ್ಟೂ ಬೆಳೆಯಿತು. ನಾಲ್ಕನೇ ನಿಮಿಷಕ್ಕೆ ಬೆವರೊರೆಸಿಕೊಂಡು ಹೊರಗೆ ಬಂದು, "ಸೀನು ಬಂತು" ಎಂದು ಸುಳ್ಳು ಹೇಳಿದ.

ಟೇಕ್ ಎರಡರಲ್ಲಿ ಒಂಬತ್ತನೇ ನಿಮಿಷಕ್ಕೆ ಅವನ ಹೊಟ್ಟೆ ಗುಡುಗಿತು. ಅದನ್ನು ಭಾವ ದೊಡ್ಡ ಸ್ಪೀಕರಿನಲ್ಲಿ ಹಾಕಿ ಅಕ್ಕನನ್ನೂ ಕರೆದು ಕೇಳಿಸಿದ. "ಇದನ್ನ ಬೇರೆ ರೆಕಾರ್ಡ್ ಮಾಡಿ ಮಾರ್ಬಹುದು ಕಣೋ, ಹುಲಿ ಘರ್ಜನೆ ಅಂತ." ಬುಧವಾರದ ಟೇಕ್ ಮೂರಕ್ಕೆ ಕತ್ತರಿ ಉಪಾಯ ಹೂಡಿದ. ಕೂತವನೇ ಮನಸ್ಸಿನಲ್ಲಿ ಡಾಕ್ಟರಮ್ಮನ ಮೆಟ್ಟಿಲು ಇಳಿಯತೊಡಗಿದ. ಹತ್ತು, ಒಂಬತ್ತು, ಎಂಟು. ಸದ್ದು ಹಿಂದೆ ಸರಿಯಿತು. ಆಹಾ! ಏಳು, ಆರು. ಇಪ್ಪತ್ತನೇ ನಿಮಿಷಕ್ಕೆ ಭಾವ ಬಂದು ಬಾಗಿಲು ತೆರೆದಾಗ ಕತ್ತರಿಯ ಗಲ್ಲ ಎದೆಗೆ ತಾಗಿತ್ತು. ರೆಕಾರ್ಡಿನಲ್ಲಿ ಗೊರಕೆ ಚೊಕ್ಕವಾಗಿ ಬಂದಿತ್ತು.

"ನಿದ್ದೆ ಅಲ್ಲ ಅಂದ್ರು ಡಾಕ್ಟರಮ್ಮ" ಎಂದು ಅವನು ನಾಚಿ ಗೊಣಗಿದ.

"ಅವರದು ನಿದ್ದೆ ಅಲ್ಲ, ನಿಂದು ನಿದ್ದೆ" ಎಂದರು ಮೇಷ್ಟ್ರು. ಅವತ್ತು ಅವರೂ ನೋಡಲು ಬಂದಿದ್ದರು. ಭಾವ ಟೀಗೆ ಹೋದಾಗ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಗಂಟಲು ಈಗ ಕೊಳದಾಚೆಯದಲ್ಲ. "ನೋಡಪ್ಪ, ಅವರ ಮೆಟ್ಟಿಲಿನ ಪಾಠ ಕೇಳಿದ್ದೀನಿ, ಚೆನ್ನಾಗಿದೆ. ನಾನೂ ಬೇಡ ಅನ್ನಲ್ಲ. ಆದ್ರೆ ಅಲ್ಲಿ ಯಾರೋ ನಿನ್ನ ಒಂದು ಕಡೆಗೆ ಒಯ್ತಾರೆ. ಇಲ್ಲಿ ಯಾರೂ ಒಯ್ಯೋದಿಲ್ಲ, ಹೋಗೋ ಊರೂ ಇಲ್ಲ. ಇರೋ ಕಡೆ ಇರೋದು, ಅಷ್ಟೆ. ಒಳಗೆ ನಿನ್ನ ಏನೋ ಕಚ್ತಾ ಇದೆ. ಏನು ಅಂತ ನನಗೆ ಹೇಳ್ಬೇಡ."

ಕತ್ತರಿ ಹೆಡ್‌ಫೋನಿನ ವೈರು ಸುತ್ತತೊಡಗಿದ.

"ನೀರಿಗೆ ಬಿದ್ದೋರು ನೀರನ್ನ ಹೊಡೀತಾರೆ. ಹೊಡೆದಷ್ಟೂ ಮುಳುಗ್ತಾರೆ. ನೀನೂ ಅದೇ ಮಾಡ್ತಿದ್ದೀಯ. ಅದನ್ನ ಓಡಿಸ್ಬೇಡ. ಹತ್ತಿರ ಹೋಗಿ ಅದಕ್ಕೆ ಎಷ್ಟು ಹಲ್ಲಿದೆ ಅಂತ ಎಣಿಸು."

ಗುರುವಾರ ಯಾರೂ ಬರುವ ಮುಂಚೆ, ಎಂಟಕ್ಕೇ, ಕತ್ತರಿ ಬೀಗ ತೆಗೆದು ರೆಕಾರ್ಡಿಂಗ್ ಕೋಣೆಗೆ ಹೋದ. ಮೈಕು ಹಚ್ಚಲಿಲ್ಲ. ಮನಸ್ಸಿನಲ್ಲೇ ಹತ್ತನೇ ಮೆಟ್ಟಿಲಿನಿಂದ ಮೂರನೆಯದರವರೆಗೆ ಇಳಿದ. ಭುಜ ಇಳಿಯಿತು, ದವಡೆ ಸಡಿಲಾಯಿತು. ಮೂರರಲ್ಲಿ ನಿಂತ. ಇನ್ನು ಇಳಿಯಲಿಲ್ಲ. ಬಾ, ನಿನ್ನನ್ನು ಒಮ್ಮೆ ಸರಿಯಾಗಿ ಕೇಳುತ್ತೇನೆ ಎಂದುಕೊಂಡ.

ಮೂರು ತಿಂಗಳಲ್ಲಿ ಅವನು ಆ ಸದ್ದನ್ನು ಒಂದು ಸಲವೂ ಕೇಳಿರಲಿಲ್ಲ, ಬರೀ ತಾಳಿಕೊಂಡಿದ್ದ. ಈಗ ಕೇಳಿದ, ಕಸುಬಿನವನ ಕಿವಿಯಿಂದ, ಯಾರದೋ ರೆಕಾರ್ಡು ಎಂಬ ಹಾಗೆ. ಒಂದೇ ಗೆರೆ ಅಂದುಕೊಂಡಿದ್ದು ಒಂದೇ ಆಗಿರಲಿಲ್ಲ. ಮೇಲೊಂದು ತೆಳುವಾದದ್ದು, ಅದರ ಕೆಳಗೆ ಇನ್ನೊಂದು, ತುಸು ಒರಟು. ಎರಡೂ ಸೇರಿ ಅಲೆಯ ಹಾಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಉಗುಳು ನುಂಗಿದರೆ ಒರಟಾದದ್ದು ಕ್ಷಣ ಮಂಕಾಗುತ್ತಿತ್ತು. ಉಸಿರು ಬಿಡುವಾಗ ಒಂದು ಥರ, ಎಳೆಯುವಾಗ ಒಂದು ಥರ. ಮನಸ್ಸು ಶನಿವಾರಕ್ಕೆ ಓಡಿತು, ವಾಪಸ್ ಬಂದ. ಬೋರ್ಡಿಗೆ ಓಡಿತು, ಬೈಯದೆ ವಾಪಸ್ ಬಂದ. ಸದ್ದು ಅಲ್ಲೇ ಇತ್ತು. ಅದರಾಚೆ ಬೇರೆಯೂ ಇದ್ದವು! ತನ್ನ ಬಟ್ಟೆಯ ಸರಬರ, ಗೋಡೆಯೊಳಗಿನ ನೀರಿನ ಕೊಳವೆ, ದೂರದಲ್ಲೊಂದು ಗೇಟು. ಇಷ್ಟು ದಿನ ಒಂದೇ ಬಾಗಿಲಿಗೆ ಬೆನ್ನು ಕೊಟ್ಟು ತಡೆದು ನಿಂತು, ಇಡೀ ಮನೆಗೇ ಬೆನ್ನು ಹಾಕಿದ್ದನಲ್ಲ ತಾನು!

ಹೊರಗೆ ಬಂದಾಗ ಒಂಬತ್ತೂಕಾಲು. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನೆಟ್ಟಗೆ ಮೇಜಿಗೆ ಹೋಗಿ ಒಂದು ಹಳೆಯ ಫೈಲು ತೆರೆದು ಹಾಕಿಕೊಂಡ. ಹಿನ್ನೆಲೆಯಲ್ಲಿ ಒಂದು ಸಣ್ಣ ಗುಯ್ ಇತ್ತು. ನಿನ್ನೆಯವರೆಗೆ ಅದು ತನ್ನದೋ ಯಂತ್ರದ್ದೋ ಎಂದು ತಲೆ ಚಚ್ಚಿಕೊಂಡಿದ್ದ. ಇವತ್ತು ಹೆಡ್‌ಫೋನ್ ಕಿವಿಗೆ ತಾಗಿದ ಮರುಗಳಿಗೆಗೇ ಗೊತ್ತಾಯಿತು. ತನ್ನದಕ್ಕೆ ಎರಡು ಎಳೆ, ಇದಕ್ಕೆ ಒಂದೇ. ಇದು ಯಂತ್ರದ್ದು! ಅದನ್ನು ಫೈಲಿನಿಂದ ಕಿತ್ತು ಹಾಕಿದ. ಇನ್ನೊಂದು ತೆರೆದ, ಮತ್ತೊಂದು ತೆರೆದ. ಮುಖ ಪರಿಚಯವಾದ ಮೇಲೆ ಸಂತೆಯಲ್ಲೂ ನೆಂಟನನ್ನು ಗುರುತಿಸುವ ಹಾಗೆ, ತನ್ನ ಸದ್ದನ್ನು ಪಕ್ಕಕ್ಕೆ ಕೂರಿಸಿ ಮಿಕ್ಕಿದ್ದನ್ನೆಲ್ಲ ಹೆಕ್ಕಿದ. ಅಕ್ಕ ಬಂದು ನೋಡಿದರೆ ತಮ್ಮ ಒಬ್ಬನೇ ಕೂತು ನಗುತ್ತಿದ್ದಾನೆ.

"ತಲೆ ಕೆಟ್ಟಿತೇನೋ?"

"ಇಲ್ವೇ ಅಕ್ಕ, ರಿಪೇರಿ ಆಗ್ತಿದೆ!"

"ಟೀ ಬೇಕೋ?"

"ಎರಡು ಲೋಟ!"

ಡಾಕ್ಟರಮ್ಮನ ಕೆಮ್ಮನ್ನೂ ಅಯ್ಯೋವನ್ನೂ ತೆಗೆದು ಅವತ್ತೇ ಕಳಿಸಿದ. ಶುಕ್ರವಾರ ಬೆಳಿಗ್ಗೆ ಮತ್ತೆ ಎಂಟಕ್ಕೆ ಕೂತ. ಆ ದಿನ ಗುರುವಾರದ ಹಾಗಿರಲಿಲ್ಲ; ಸದ್ದು ಜೋರಾಗಿತ್ತು, ಮನಸ್ಸು ಕಟ್ಟು ಬಿಚ್ಚಿದ ಕರುವಾಗಿತ್ತು, ಕಾಲು ಜೋಮು ಹಿಡಿಯಿತು. ಆದರೂ ಎದ್ದುಹೋಗಲಿಲ್ಲ. ಸರಿ, ಇವತ್ತಿನದು ಇಷ್ಟು, ನಾಳೆಯದು ನಾಳೆ ಎಂದುಕೊಂಡ. ಇನ್ನು ದಿನವೂ ಈ ಹೊತ್ತು ಇದಕ್ಕೇ ಎಂದು ಯಾರಿಗೂ ಮಾತು ಕೊಡದೆ ತೀರ್ಮಾನಿಸಿದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಬಂದರು. ಬೋರ್ಡ್ ಬರೆಯುವವನೂ ಏಣಿ ಹೊತ್ತು ಬಂದು ಕೆಳಗೆ ಬಣ್ಣ ಕಲಸುತ್ತ ಕೂತ. "ಟೇಕ್ ನಾಲ್ಕು, ಮೌನ! ಹುಲಿಯನ್ನ ಮನೇಲೇ ಬಿಟ್ಟು ಬಂದಿದ್ದೀಯ ತಾನೆ?" ಎಂದ ಭಾವ. ಬಾಗಿಲುಗಳು ಮುಚ್ಚಿದವು. ಹತ್ತು, ಒಂಬತ್ತು, ಎಂಟು... ಮೂರಕ್ಕೆ ನಿಂತ. ಸದ್ದು ಬಂತು. ಬಾ ಎಂದುಕೊಂಡ. ಒಂದು ಸಲ ಮೂಗು ತುರಿಸಿತು. ತುರಿಕೆಯನ್ನು ಕೂತು ನೋಡಿದ, ಅದು ತಾನೇ ಬೇಸತ್ತು ಹೋಯಿತು. ಗಾಜಿನಾಚೆ ಭಾವ ಕೈಯೆತ್ತಿ ಕುಣಿಯುವುದು ಕಂಡಾಗಲೇ ಇಪ್ಪತ್ತಾರು ನಿಮಿಷ ಆಗಿದೆ ಎಂದು ತಿಳಿದದ್ದು.

ಭಾವ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೇಳಿದ, ಹಿಂದೆ ಮುಂದೆ ಓಡಿಸಿದ, "ಗಾಜು! ತೊಳೆದಿಟ್ಟ ಗಾಜು!" ಎಂದ.

ಕತ್ತರಿ ಕೇಳಿದ. "ಹದಿನಾಲ್ಕನೇ ನಿಮಿಷದಲ್ಲಿ ಟೈರ್ ಅಂಗಡಿಯ ಗಾಳಿ ಮಷೀನು ಶುರುವಾಗಿ ನಿಂತಿದೆ ಭಾವ. ಎರಡು ಸೆಕೆಂಡು."

"ನಿನ್ನ ತಲೆ. ಏನೂ ಇಲ್ಲ."

ಕತ್ತರಿ ಆ ಜಾಗವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಚಪ್ಪಟೆ ಗೆರೆಯಲ್ಲಿ ಎರಡು ಸೆಕೆಂಡು ಉದ್ದದ ಒಂದು ಸಣ್ಣ ಉಬ್ಬು ಕಂಡಿತು. ಭಾವ ಕನ್ನಡಕ ಏರಿಸಿ ನೋಡಿದ, ಕತ್ತರಿಯ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಇದೇನು ಕಿವಿಯೋ, ಬಾವಿಗೆ ಬಿದ್ದದ್ದನ್ನೆಲ್ಲ ಎತ್ತೋ ಪಾತಾಳಗರಡಿಯೋ!"

"ತೆಗೀಲಾ ಸಾರ್?" ಎಂದು ಕತ್ತರಿ ಮೇಷ್ಟ್ರನ್ನು ಕೇಳಿದ.

"ನಿಂಗೇನು ಅನ್ಸುತ್ತೆ?"

ಹದಿನಾಲ್ಕು ವರ್ಷದ ಬೆರಳು ಕೀಲಿಯ ಮೇಲೆ ಹೋಗಿ ನಿಂತಿತು. ಆಮೇಲೆ ಹಿಂದಕ್ಕೆ ಬಂತು. "ಇರ್ಲಿ" ಎಂದ. "ಕೇಳೋರ ಮನೆ ಹತ್ರಾನೂ ಏನಾದ್ರೂ ಇದ್ದೇ ಇರುತ್ತೆ."

ಮೇಷ್ಟ್ರು ಅವನ ಬೆನ್ನಿಗೊಂದು ಗುದ್ದು ಕೊಟ್ಟು ಎದ್ದರು. ಕೆಳಗಿನಿಂದ ಬೋರ್ಡ್ ಬರೆಯುವವನು, "ಸಾರ್, ಬಣ್ಣ ಒಣಗ್ತಿದೆ! ಹೆಸರು ಯಾವುದು ಹೇಳ್ರೀ!" ಎಂದು ಕೂಗಿದ.

"ಹೇಳೋ, ಹೂಂ ಅಂತೀಯೋ ಊಹೂಂ ಅಂತೀಯೋ?" ಎಂದ ಭಾವ.

"ಹೂಂ" ಎಂದ ಕತ್ತರಿ. ಒಳಗಿನಿಂದ ಜಿಗಿದು ಬಂದ ಹೂಂ ಅದು. ಅಕ್ಕ ಮುಂದಿನ ಕೋಣೆಯಲ್ಲಿ ಚಪ್ಪಾಳೆ ತಟ್ಟಿದಳು.

ಭಾವ ಖುಷಿಗೆ ಅವನ ಎರಡು ಕಿವಿಯನ್ನೂ ಹಿಡಿದು ಮೆಲ್ಲಗೆ ಅಲ್ಲಾಡಿಸಿ, "ಇವೆರಡು ಸರಿಯಾಗಿದ್ರೆ ಸಾಕು ಕಣೋ ನಂಗೆ" ಎಂದು, ಒಂದು ಕ್ಷಣ ಅವನ ಮುಖವನ್ನೇ ನೋಡುತ್ತ ನಿಂತ. ಕತ್ತರಿ ನಕ್ಕ. ಭಾವ ದಡದಡ ಮೆಟ್ಟಿಲಿಳಿದು ಏಣಿ ಹಿಡಿಯಲು ಹೋದ.

ಎಡಗಿವಿಯಲ್ಲಿ ಸದ್ದು ಇದೆ ಎಂದು ಅವನು ಭಾವನಿಗೆ ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.